ನೀರು ತಿಳಿಯಾಗುವ ತನಕ

ಮೋಡ ಇವತ್ತೂ ಇಳಿದಿರಲಿಲ್ಲ.

ಉಲ್ಲಾಸ ಮೊಣಕಾಲೂರಿ ಕೂತು ಕಂಪ್ಯೂಟರಿನ ಗಾಜಿನ ಪಕ್ಕೆಗೆ ಮೂಗು ತಾಗಿಸಿದ. ಟಾರ್ಚನ್ನು ಆಚೆ ಬದಿಯಿಂದ ಹಿಡಿದು, ಬೆಳಕು ಒಳಗಿನ ಕೊಳವೆಯ ನೀರನ್ನು ಹಾದು ತನ್ನ ಕಣ್ಣಿಗೆ ಬರುವಂತೆ ಮಾಡಿಕೊಂಡು ನೋಡಿದ. ಅದೇ ಮಬ್ಬು. ಅಕ್ಕಿಯನ್ನು ತೊಳೆದು ತೊಳೆದು ಕೊನೆಗೆ ಚೆಲ್ಲುವ ನೀರಿನಷ್ಟು ಬಿಳುಪು. ಬೇರೆ ಯಾರಿಗೂ ಅದು ಕಾಣುತ್ತಿರಲಿಲ್ಲ. ಕಾಣುವುದಿಲ್ಲ ಎಂದು ಅವರು ಹೇಳುವಾಗಿನ ಧ್ವನಿಯನ್ನು ಅವನಿಗೆ ಸಹಿಸಲಾಗುತ್ತಿರಲಿಲ್ಲ.

"ಟೆಂಪೋ ಬಪ್ಪ ಹೊತ್ತಾತು," ಎಂದಳು ಭೂಮಿಕಾ. ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಹಾಸಿಗೆ ಕಟ್ಟಿ ಉಳಿದ ಹಗ್ಗದ ತುಂಡಿತ್ತು.

"ಹ್ಞೂಂ."

"ಅಪ್ಪಯ್ಯನೂ ಅದ್ರಲ್ಲೇ ಬತ್ನಡ."

"ಹ್ಞೂಂ."

"ನಿಂಗ ಎಂತ ಮಾಡ್ತ್ರಿ? ಬತ್ರ, ಇಲ್ಲ್ಯ?"

"ನೀರು ಇನ್ನೂ ತಿಳಿ ಆಜಿಲ್ಲೆ," ಎಂದ ಉಲ್ಲಾಸ. "ತಿಳಿ ಆಗ್ಲಿ. ಹೇಳ್ತೆ."

ಭೂಮಿಕಾ ಹಗ್ಗವನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಮತ್ತೆ ಸುತ್ತಿದಳು. ಆಮೇಲೆ ಒಳಗೆ ಹೋಗಿ ಯಾವುದೋ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆ ಕವುಚಿದಳು.

ಪ್ರಶ್ನೆ ಬಹಳ ಸಣ್ಣದಿತ್ತು. ಭೂಮಿಕಾ ಸೊಸೈಟಿಯ ನೌಕರಿಯಲ್ಲಿದ್ದಳು. ಮಳೆಗಾಲದ ಮೊದಲಿಗೆ ಅವಳಿಗೆ ಯಲ್ಲಾಪುರಕ್ಕೆ ವರ್ಗವಾಯಿತು. ಇಡೀ ಮಳೆಗಾಲ ಶಿರಸಿಯಿಂದ ಬಸ್ಸಿನಲ್ಲಿ ಹೋಗಿ ಬಂದಳು, ಒದ್ದೆ ಸೀರೆಯಲ್ಲೇ ಬಸ್ಸು ಹತ್ತಿ, ಒದ್ದೆ ಸೀರೆಯಲ್ಲೇ ಇಳಿದಳು. ಚಳಿ ಬಿದ್ದ ಮೇಲೆ ಅಲ್ಲೊಂದು ಬಾಡಿಗೆ ಮನೆ ಸಿಕ್ಕಿತು. ಇವತ್ತು ಸಾಮಾನು ಸಾಗಿಸುವ ದಿನ. ಯಲ್ಲಾಪುರವೇನು ಕಡಲಾಚೆ ಇರಲಿಲ್ಲ, ಶಿರಸಿಯವರು ಅಲ್ಲಿ ಮದುವೆ ಊಟ ಮುಗಿಸಿ ಸಂಜೆ ಚಹಾಕ್ಕೆ ಮನೆಗೆ ಬರುತ್ತಾರೆ. ಉಲ್ಲಾಸನೂ ಬರುತ್ತಾನೋ ಇಲ್ಲವೋ ಎಂಬುದಷ್ಟೇ ಅವಳಿಗೆ ಗೊತ್ತಾಗಬೇಕಿತ್ತು. ಬರುವುದಿಲ್ಲ ಅಂದರೆ ಅದರ ಅರ್ಥವೇನೆಂದು ಇಬ್ಬರಿಗೂ ತಿಳಿದಿತ್ತು. ಬಾಯಿಬಿಟ್ಟು ಆಡಿರಲಿಲ್ಲ ಅಷ್ಟೆ.

ಶಿರಸಿಯಲ್ಲಿ ಅವನನ್ನು ಹಿಡಿದಿಡುವಂಥದ್ದು ಏನೂ ಇರಲಿಲ್ಲ. ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ. ಆ ಕಾಲೇಜು ವಿಜ್ಞಾನ ವಿಭಾಗವನ್ನೇ ಮುಚ್ಚಿತು. ಬೀಳ್ಕೊಡುಗೆಗೆ ಹೊದೆಸಿದ ಶಾಲನ್ನು ಮನೆಗೆ ತಂದು, ಇನ್ನು ಪಾಠಗಳನ್ನು ಚಲಿಸುವ ಚಿತ್ರಗಳಲ್ಲಿ ಮಾಡುತ್ತೇನೆ, ನಾಡಿನ ಮಕ್ಕಳೆಲ್ಲ ನೋಡುತ್ತಾರೆ ಎಂದ. ಅದಕ್ಕೆ ದೊಡ್ಡ ಯಂತ್ರ ಬೇಕಿತ್ತು. ದೊಡ್ಡ ಯಂತ್ರ ಬಿಸಿಯಾಗುತ್ತದೆ, ಅದಕ್ಕೆ ನೀರು ಬೇಕಿತ್ತು. ಬಿಡಿಭಾಗಗಳು ಕೊರಿಯರಿನಲ್ಲಿ ಬಂದವು. ಒಂದೊಂದನ್ನೂ ಅವನೇ ಜೋಡಿಸಿದ.

ಪೆಟ್ಟಿಗೆಯೊಳಗೆ ಗಾಜಿನ ಕೊಳವೆಯೊಂದು ನೆಟ್ಟಗೆ ನಿಂತಿತ್ತು. ಅದರ ತಲೆಗೆ ತಿರುಪಿನ ಮುಚ್ಚಳ, ಬುಡಕ್ಕೆ ಪಂಪು. ನೀರು ಅಲ್ಲಿಂದ ಹೊರಟು, ಬಿಸಿಯಾಗುವ ಭಾಗಗಳ ಮೇಲೆ ಕೂರಿಸಿದ ಲೋಹದ ಬಿಲ್ಲೆಗಳನ್ನು ಹಾದು, ರೇಡಿಯೇಟರಿಗೆ ಹೋಗಿ, ಫ್ಯಾನಿನ ಗಾಳಿಗೆ ತಣ್ಣಗಾಗಿ, ತಿರುಗಿ ಕೊಳವೆಗೆ ಬಂದು ಬೀಳುತ್ತಿತ್ತು. ಲಾರಿಯ ಎಂಜಿನ್ನಿನ ಲೆಕ್ಕವೇ. ಲಾರಿಯ ನೀರನ್ನು ಯಾರೂ ಟಾರ್ಚು ಹಿಡಿದು ನೋಡುವುದಿಲ್ಲ, ಅಷ್ಟೇ ವ್ಯತ್ಯಾಸ.

ಮೊದಲ ಪಾಠ ಉಷ್ಣದ ಮೇಲೆ. "ಉಷ್ಣ ಎಂದರೇನು?" ಎಂಬ ಶೀರ್ಷಿಕೆ ತಯಾರಾಯಿತು. ಅಕ್ಷರಗಳು ಕೆಂಪಾಗಿ ಹೊಳೆಯುತ್ತ ಬಂದು ನಿಂತವು. ಅವು ಅಲ್ಲೇ ನಿಂತಿದ್ದವು, ಇವತ್ತಿಗೂ. ಯಂತ್ರಕ್ಕೆ ಕೆಲಸವಿಲ್ಲದ್ದರಿಂದ ಅದು ಬಿಸಿಯಾಗುತ್ತಿರಲಿಲ್ಲ. ಅದು ಬಿಸಿಯಾಗದ್ದರಿಂದ ನೀರಿಗೆ ಕೆಲಸವಿರಲಿಲ್ಲ. ಇದು ಸರಿಯಲ್ಲವೆನಿಸಿ ಉಲ್ಲಾಸ ಯಂತ್ರವನ್ನು ಬಿಸಿ ಮಾಡುವುದಕ್ಕಾಗಿಯೇ ಇರುವ ಒಂದು ಪ್ರೋಗ್ರಾಮನ್ನು ಬೆಳಗಾಗುತ್ತಲೇ ಓಡಿಸುತ್ತಿದ್ದ. ಯಂತ್ರ ಕಾಯುತ್ತಿತ್ತು. ನೀರು ಕಾವನ್ನು ಹೊತ್ತೊಯ್ಯುತ್ತಿತ್ತು. ಫ್ಯಾನು ಅದನ್ನು ಕೋಣೆಗೆ ಊದುತ್ತಿತ್ತು. ಕೋಣೆ ಸೆಕೆಯಾಗಿ ಅವನು ಕಿಟಕಿ ತೆರೆಯುತ್ತಿದ್ದ. ಇಷ್ಟೆಲ್ಲ ಇಷ್ಟು ಚೆನ್ನಾಗಿ ನಡೆಯುತ್ತಿರುವಾಗ ಬೇರೆ ಕೆಲಸ ಮಾಡುವ ಅಗತ್ಯ ಅವನಿಗೆ ಕಾಣಲಿಲ್ಲ.

ಆಮೇಲೆ ಮೋಡ ಬಂತು.

ಅವನು ಹಾಕಿದ್ದು ಬ್ಯಾಟರಿ ಅಂಗಡಿಯ ಶುದ್ಧ ನೀರು. ಅದಕ್ಕೆ ಪಾಚಿ ಕಟ್ಟದಂತೆ ಎರಡು ಹನಿ, ತುಕ್ಕು ಹಿಡಿಯದಂತೆ ಎರಡು ಹನಿ ಬಿಟ್ಟಿದ್ದ. ಆದರೂ ಮಬ್ಬು ಕವಿಯಿತು. ಬಸಿದ. ಹೊಸ ನೀರು ಹಾಕಿದ. ಕೆಲವು ದಿನ ತಿಳಿಯಾಗಿತ್ತು, ಮತ್ತೆ ಮಬ್ಬು. ರಬ್ಬರಿನ ನಳಿಗೆ ಬಿಡುವ ಜಿಡ್ಡಿರಬಹುದು, ಗಾಳಿಯ ದೂಳಿರಬಹುದು. ಒಗ್ಗರಣೆಯ ಹೊಗೆಯೂ ಇರಬಹುದು ಎಂದು ಒಂದು ದಿನ ಊಟಕ್ಕೆ ಕೂತಾಗ ಹೇಳಿದ. ಭೂಮಿಕಾ ಅವನನ್ನು ನೋಡಿ ಇನ್ನೊಂದು ಸೌಟು ಬಡಿಸಿದಳು. ಅವತ್ತಿನಿಂದ ಆ ಮನೆಯಲ್ಲಿ ಒಗ್ಗರಣೆ ನಿಂತಿತು. ಸಾಸಿವೆ ಸಿಡಿಯದ ಸಾರು, ಸಾಸಿವೆ ಸಿಡಿಯದ ತಂಬುಳಿ. ಅವನಿಗೆ ರುಚಿಯಲ್ಲಿ ಏನೂ ಫರಕು ತಿಳಿಯಲಿಲ್ಲ. ಅದು ಅವಳಿಗೆ ಗೊತ್ತಾದ ದಿನ ಅವಳು ಅತ್ತಳು. ಯಾಕೆ ಅಳುತ್ತಾಳೆಂದು ಕೇಳಬೇಕು ಅನ್ನಿಸಿತು. ಕೇಳಿದರೆ ಅವಳು ಹೇಳಿಬಿಟ್ಟಾಳು ಎಂದು ಕೇಳಲಿಲ್ಲ.

ನೀರಿನ ಫೋಟೊಗಳನ್ನು ಅವನು ಒಂದು ಗುಂಪಿಗೆ ಕಳಿಸುತ್ತಿದ್ದ. ಅದರಲ್ಲಿ ಜಗತ್ತಿನ ಎಲ್ಲೆಲ್ಲಿಯದೋ ಜನ, ಎಲ್ಲರೂ ನೀರು ಕಾಯುವವರು. ಅವರಿಗೆ ಉಲ್ಲಾಸನ ಮುಖ ಗೊತ್ತಿರಲಿಲ್ಲ, ಅವನ ನೀರಿನ ಮುಖ ಗೊತ್ತಿತ್ತು. ನೀರು ತಿಳಿಯಾಗಿದ್ದ ದಿನಗಳಲ್ಲಿ ಯಾರೋ ಒಬ್ಬ "ಆಹಾ" ಎಂದು ಬರೆದಿದ್ದ. ಅದನ್ನು ಓದಿದಾಗ ಉಲ್ಲಾಸನಿಗೆ ಕೂತಲ್ಲಿ ಕೂರಲಾಗಿರಲಿಲ್ಲ. ತಾಳಿ ಕಟ್ಟುವಾಗಲೂ ಹಾಗೆ ಆಗಿರಲಿಲ್ಲ.

ನೀರು ತಿಳಿಯಾಗಲಿ, ಹೇಳುತ್ತೇನೆ ಎಂದು ಅವನು ಮೊದಲ ಸಲ ಅಂದದ್ದು ಬಾಯಿಗೆ ಬಂದದ್ದನ್ನು. ಆಮೇಲೆ ಅದೇ ಮಾತು ಅನುಕೂಲವಾಯಿತು. ನಿಜ ಹೇಳಬೇಕೆಂದರೆ ನೀರು ತಿಳಿಯಾಗುವ ದಿನದ ಬಗ್ಗೆ ಅವನಿಗೆ ಹೆದರಿಕೆಯಿತ್ತು. ಅವತ್ತು ಏನಾದರೂ ಹೇಳಬೇಕಾಗುತ್ತದೆ. ಏನು ಹೇಳುವುದೆಂದು ಒಳಗೆ ಹುಡುಕಿದರೆ ಹೋಗಬೇಕು ಎಂಬುದೂ ಸಿಗುತ್ತಿರಲಿಲ್ಲ, ಹೋಗಬಾರದು ಎಂಬುದೂ ಸಿಗುತ್ತಿರಲಿಲ್ಲ. ಸಾಮಾನು ಸಾಗಿಸಿದ ಮನೆಯಲ್ಲಿ ಒಬ್ಬನೇ ನಡೆದ ಹಾಗಾಗುತ್ತಿತ್ತು.

ಕೆಳಗೆ ಟೆಂಪೋ ಬಂದು ನಿಂತ ಸದ್ದಾಯಿತು.

ಸುಬ್ರಾಯ ಹೆಗಡೆಯವರು ಮೆಟ್ಟಿಲು ಹತ್ತಿ ಬಂದರು. ಭೂಮಿಕಾಳ ಅಪ್ಪ, ಉಮ್ಮಚಗಿಯವರು. ಮನೆಯಲ್ಲಿ ಅಡಿಕೆ ಕೊಯ್ಲು ನಡೆದಿತ್ತು. ಆಳುಗಳನ್ನು ಬಿಟ್ಟು ಹೊರಟದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ಕ್ಷೇಮ ಸಮಾಚಾರ ಕೇಳಲಿಲ್ಲ. ಚಪ್ಪಲಿ ಬಿಡುತ್ತಲೇ, "ಎಂತ ತಮಾ, ನೀರು ತಿಳಿ ಆತಾ?" ಎಂದರು.

ಮಗಳು ಫೋನಿನಲ್ಲಿ ಹೇಳಿದ್ದಳೆಂದು ಉಲ್ಲಾಸನಿಗೆ ಗೊತ್ತಾಯಿತು. ಉಮ್ಮಚಗಿಯ ಮನೆಯಲ್ಲಿ ಊಟಕ್ಕೆ ಕೂತವರೆಲ್ಲ ತನ್ನ ನೀರಿನ ಬಗ್ಗೆ ಮಾತಾಡಿರಬೇಕು.

"ಇಲ್ಲೆ ಮಾವ."

ಹೆಗಡೆಯವರು ಕನ್ನಡಕ ಏರಿಸಿ ಬಗ್ಗಿದರು. ಬಹಳ ಹೊತ್ತು ನೋಡಿದರು. ಟಾರ್ಚು ಕೊಡಲು ಹೋದರೆ ಬೇಡ ಅಂದರು.

"ಪಾಚಿ," ಎಂದರು.

"ಪಾಚಿ ಅಲ್ಲ ಮಾವ. ನಳಿಗೆಯಿಂದ..."

"ಪಾಚಿ ಸುರು ಆಪಗ ಹಿಂಗೇ ಕಾಣ್ತು. ತೋಟದ ನೀರಿನ ಟಾಕಿ ತೊಳದು ತೊಳದು ಆನು ನೋಡಿದ್ನಿಲ್ಯ? ನೀನು ಮಿಂದ್ಕ ಬಾ. ಹೊತ್ತಾತು."

ಬಚ್ಚಲಿನಲ್ಲಿ ಹಂಡೆ ಬಿಟ್ಟರೆ ಒಂದು ಚೊಂಬು ಮಾತ್ರ ಉಳಿದಿತ್ತು. ಉಲ್ಲಾಸ ನಿಧಾನವಾಗಿ ಮಿಂದ. ಮೇಲಿಂದ ಕೆಳಗೆ ಸಾಮಾನು ಹೋಗುವ ಸದ್ದು ಗೋಡೆಯಲ್ಲಿ ಕೇಳುತ್ತಿತ್ತು. ಟೆಂಪೋದ ದ್ಯಾಮಪ್ಪ ಕಪಾಟಿನ ಜತೆ ಮಾತಾಡುತ್ತ ಅದನ್ನು ಮೆಟ್ಟಿಲು ಇಳಿಸುತ್ತಿದ್ದ. ಎಲ್ಲವೂ ಹೋಗಿ, ಟೆಂಪೋವೂ ಹೋಗಿ, ತಾನು ಇನ್ನೂ ಮೀಯುತ್ತಲೇ ಇದ್ದರೆ ಹೇಗೆ ಎಂದು ಯೋಚಿಸಿದ. ಅದೊಂದು ಒಳ್ಳೆಯ ಉಪಾಯವಾಗಿತ್ತು. ಆದರೆ ನೀರು ಮುಗಿಯಿತು.

ಹೊರಗೆ ಬಂದಾಗ ಮಾವ ಕಂಪ್ಯೂಟರಿನ ಪಕ್ಕ ಕೈ ಕಟ್ಟಿಕೊಂಡು ನಿಂತಿದ್ದರು. ಅವರ ಹೆಬ್ಬೆರಳು ನೀಲಿಯಾಗಿತ್ತು.

ನೀರೂ ನೀಲಿಯಾಗಿತ್ತು.

ಮಬ್ಬು ಹೋಗಿತ್ತೋ, ನೀಲಿಯೊಳಗೆ ಮುಚ್ಚಿಹೋಗಿತ್ತೋ, ಕೊಳವೆಯಿಂದ ನಳಿಗೆಗೆ, ನಳಿಗೆಯಿಂದ ಬಿಲ್ಲೆಗೆ ಹರಿಯುತ್ತಿದ್ದುದು ಮಾತ್ರ ಹರಳಿನಂಥ ನೀಲಿ. ಇಂಥ ಬಣ್ಣವನ್ನು ಅವನು ಗುಂಪಿನ ಯಾರ ಫೋಟೊದಲ್ಲೂ ಕಂಡಿರಲಿಲ್ಲ. ಒಂದು ಕ್ಷಣ ಅವನಿಗೆ ಬರೀ ಸಂತೋಷವಾಯಿತು.

"ಎಂತ ಹಾಕಿದ್ರಿ ಮಾವ?"

"ಮೈಲುತುತ್ತ. ಒಂದೇ ಚಿಟಿಕೆ. ಯಂಗ್ಳ ಟಾಕಿಗೂ ಅದನ್ನೇ ಹಾಕದು. ಪಾಚಿ ಅಲ್ಲಿಗಲ್ಲಿಗೆ ಸಾಯ್ತು." ಹೆಗಡೆಯವರು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ತೋರಿಸಿದರು. ಅಡಿಕೆಗೆ ಕೊಳೆರೋಗ ಬಾರದಂತೆ ಮಳೆಗಾಲದಲ್ಲಿ ಸುಣ್ಣದ ಜತೆ ಕಲಸಿ ಹೊಡೆಯುವ ನೀಲಿ ಹರಳು. ಮಗಳಿಗಾಗಿ ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದರು.

ಉಲ್ಲಾಸನಿಗೆ ರಸಾಯನಶಾಸ್ತ್ರವೂ ಬರುತ್ತಿತ್ತು. ಬಿಲ್ಲೆಗಳ ಮೇಲಿನ ನಿಕ್ಕಲ್ ಲೇಪವನ್ನು ಆ ನೀಲಿ ಈಗಿಂದೀಗ ತಿನ್ನತೊಡಗಿದೆ ಎಂದು ಗೊತ್ತಿತ್ತು. ಸ್ವಿಚ್ಚು ತೆಗೆದು, ಬುಡದ ತಿರುಪು ಬಿಚ್ಚಿ, ಎಲ್ಲವನ್ನೂ ಬಸಿಯಬೇಕು. ಕೈ ಸ್ವಿಚ್ಚಿನ ಕಡೆಗೆ ಹೋಗಿಯೂ ಇತ್ತು.

ಅಷ್ಟರಲ್ಲಿ ಭೂಮಿಕಾ ಬಂದಳು.

"ಅಯ್ಯೋ, ತಿಳಿ ಆತಲ್ದ?" ಎಂದಳು. ಎಷ್ಟೋ ತಿಂಗಳ ಮೇಲೆ ಅವಳ ಮುಖ ಅರಳಿದ್ದನ್ನು ಅವನು ನೋಡಿದ. ಅವಳು ಅಪ್ಪನನ್ನು ನೋಡಿ ನಕ್ಕಳು, ನೀರನ್ನು ನೋಡಿ ನಕ್ಕಳು, ಆಮೇಲೆ ನಗುವನ್ನು ಹಾಗೇ ಇಟ್ಟುಕೊಂಡು ಅವನ ಕಡೆ ತಿರುಗಿದಳು.

"ಈಗ ಹೇಳಿ."

ಉಲ್ಲಾಸ ಟವೆಲಿನಿಂದ ಕಿವಿ ಒರೆಸಿಕೊಂಡ. ಇನ್ನೊಂದು ಕಿವಿಯನ್ನೂ ಒರೆಸಿಕೊಂಡ.

"ನೀಲಿ ಇದ್ದು," ಎಂದ.

"ನೀಲಿ ಇದ್ರೆ ಎಂತಾತು? ತಿಳಿ ಇದ್ದು."

"ಇದು ಲೋಹ ತಿಂತು."

ಹೇಳಬೇಕಾದ್ದನ್ನು ತಪ್ಪಿಸಿಕೊಳ್ಳಲು ಅವನು ಆಡಿದ ಮಾತು ಅದು. ನಿಜವೂ ಆಗಿತ್ತು, ಅದು ಕಾಕತಾಳೀಯ. ಭೂಮಿಕಾಳ ನಗು ಅರ್ಧಕ್ಕೆ ನಿಂತಿತು. ಆದರೆ ಸುಬ್ರಾಯ ಹೆಗಡೆಯವರು ಆ ಮಾತಿಗೆ ಹೆದರುವವರಲ್ಲ. ಲೋಹ ತಿನ್ನುವ ಮೈಲುತುತ್ತವನ್ನು ಸರಿದಾರಿಗೆ ತರುವುದರಲ್ಲಿ ಅವರ ಅರ್ಧ ಆಯುಷ್ಯ ಕಳೆದಿತ್ತು.

"ಖಾರ ಜಾಸ್ತಿ ಆತು ಕಾಣ್ತು," ಎಂದರು. "ಚೂರಿ ಅದ್ದಿ ನೋಡನ."

ಎಲೆಯಡಿಕೆ ಕವಳದ ಸಂಚಿ ಬಿಚ್ಚಿ ಅಡಿಕೆ ಕೆರೆಯುವ ಸಣ್ಣ ಕಬ್ಬಿಣದ ಚೂರಿಯನ್ನು ಹೊರಗೆ ತೆಗೆದರು. ಅದು ಎಲೆಯ ಕರೆ, ಅಡಿಕೆಯ ಕರೆ ಹತ್ತಿ ಕಪ್ಪಾಗಿತ್ತು. ಅದನ್ನು ಅಳಿಯನ ಕೈಗೆ ಕೊಟ್ಟರು. "ಇದ್ನ ತಿಕ್ಕಿ ಕೊಡು ತಮಾ. ಹೊಳೆಯದಿದ್ರೆ ಗೊತ್ತಾಗ್ತಿಲ್ಲೆ."

ಅಡಿಕೆ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಔಷಧಿ ಕಲಸಿದ ಮೇಲೆ ಹೊಳೆಯುವ ಕಬ್ಬಿಣವನ್ನು ಅದರಲ್ಲಿ ಅದ್ದುತ್ತಾರೆ. ಕಬ್ಬಿಣ ಕೆಂಪಾದರೆ ಸುಣ್ಣ ಸಾಲದು. ಕೆಂಪಾಗದಿದ್ದರೆ ಔಷಧಿ ಹದವಾಯಿತು, ಹೊಡೆಯಬಹುದು. ಸೋಂದೆಯ ಕಡೆಯವನಾದ ಉಲ್ಲಾಸನೂ ಹುಡುಗನಾಗಿದ್ದಾಗ ಅಪ್ಪನಿಗೆ ಚೂರಿ ಹಿಡಿದುಕೊಟ್ಟವನೇ.

ಈಗಲಾದರೂ ಅವನು ಬೇಡ ಅನ್ನಬೇಕಿತ್ತು. ಇದು ತೋಟದ ಡ್ರಮ್ಮಲ್ಲ, ಕೂದಲೆಳೆಯಷ್ಟು ಸಣ್ಣ ಸಂದುಗಳಲ್ಲಿ ನೀರು ಓಡಬೇಕು, ಸುಣ್ಣ ಬಿದ್ದರೆ ಎಲ್ಲ ಹೂತುಹೋಗುತ್ತದೆ ಎಂದು ಹೇಳಬೇಕಿತ್ತು. ವಾಕ್ಯಗಳು ಒಂದರ ಹಿಂದೊಂದು ತಯಾರಾಗಿ ನಿಂತಿದ್ದವು. ಆದರೆ ಬಾಯಿ ತೆರೆದರೆ ಆ ವಾಕ್ಯಗಳ ಬೆನ್ನಿಗೇ ಇನ್ನೊಂದು ಬರಬೇಕಾಗುತ್ತಿತ್ತು. ಭೂಮಿಕಾ ಅದಕ್ಕಾಗಿ ಕಾದು ನಿಂತಿದ್ದಳು. ಉಲ್ಲಾಸ ನಳಿಗೆಯ ಅಂಚು ನುಣುಪು ಮಾಡಲು ಇಟ್ಟುಕೊಂಡಿದ್ದ ಮರಳುಕಾಗದ ಹುಡುಕಿ ತಂದು ಚೂರಿ ತಿಕ್ಕಲು ಕೂತ.

ಚೆನ್ನಾಗಿ ತಿಕ್ಕಿದ. ಒಂದು ಬದಿ ಬೆಳ್ಳಗಾದ ಮೇಲೆ ಇನ್ನೊಂದು ಬದಿ. ತುದಿ, ಅಂಚು, ಹಿಡಿಯ ಬುಡದ ಸಂದು. ಇಷ್ಟು ಶ್ರದ್ಧೆಯಿಂದ ತಾನು ಈ ವರ್ಷ ಬೇರೆ ಯಾವ ಕೆಲಸವನ್ನೂ ಮಾಡಿಲ್ಲವೆಂದು ಅವನಿಗೇ ಅನ್ನಿಸಿತು.

"ಭೇಷ್," ಎಂದರು ಮಾವ.

ಕೊಳವೆಯ ಮುಚ್ಚಳ ತಿರುಗಿಸಿ ಚೂರಿ ಇಳಿಸಿದರು. ಹೊರಗೆ ತೆಗೆದಾಗ ಅದ್ದಿದಷ್ಟು ಭಾಗ ಹೊಸ ತಾಮ್ರದ ಕೆಂಪಾಗಿತ್ತು.

"ನೋಡು. ಕೆಂಪಾತು. ಸುಣ್ಣ ಬೇಕು."

ಸುಣ್ಣ ಸಂಚಿಯಲ್ಲೇ ಇತ್ತು. ಕಟ್ಟದೆ ಉಳಿದ ಒಂದೇ ಲೋಟದಲ್ಲಿ ಅವರು ಕವಳದ ಸುಣ್ಣವನ್ನು ನೀರಿಗೆ ಕದಡಿ, ಬೆರಳಿನಿಂದ ತಿರುವಿ, ಗಂಟಿಲ್ಲದಂತೆ ನೋಡಿ, ಕೊಳವೆಗೆ ಎರೆದರು. ಕೈ ಅಲುಗಲಿಲ್ಲ. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಉಲ್ಲಾಸ ಕೊಳವೆಯನ್ನು ಹಿಡಿದುಕೊಂಡಿದ್ದ.

ನೀಲಿ ಒಡೆಯಿತು. ಮೊದಲು ಹೊಗೆಯಂತೆ ಒಂದು ಎಳೆ ಇಳಿಯಿತು, ಆಮೇಲೆ ಇಡೀ ಕೊಳವೆ ತಿಳಿನೀಲಿ ಬಣ್ಣದ ಮೊಸರಾಯಿತು. ಮೊಸರು ನಳಿಗೆಗಿಳಿಯಿತು. ಒಂದು ಬಿಲ್ಲೆ ದಾಟಿತು. ಎರಡನೆಯದರ ಹತ್ತಿರ ನಿಧಾನವಾಯಿತು. ಪಂಪಿನ ಸದ್ದು ದಪ್ಪಗಾಯಿತು, ನೆಗಡಿಯಾದವರ ಧ್ವನಿಯ ಹಾಗೆ.

ಮಾವ ಚೂರಿಯನ್ನು ಪಂಚೆಯಲ್ಲಿ ಒರೆಸಿ, ಕೆಂಪನ್ನು ತಿಕ್ಕಿ ತೆಗೆದು, ಮತ್ತೆ ಅದ್ದಿದರು. ಎತ್ತಿ ಬೆಳಕಿಗೆ ಹಿಡಿದರು. ಕಬ್ಬಿಣ ಕಬ್ಬಿಣವಾಗಿಯೇ ಇತ್ತು.

"ಹದ ಆತು," ಎಂದರು. ಅವರ ದನಿಯಲ್ಲಿ ನಿಜವಾದ ಪ್ರೀತಿಯಿತ್ತು. "ಇನ್ನು ಇದು ಎಂತದನ್ನೂ ತಿಂತಿಲ್ಲೆ. ಕೊಳೆನೂ ಬತ್ತಿಲ್ಲೆ. ಮಗಳೇ, ಹೊರಡು." ಬೇಗ ಮುಗಿಯಿತೆಂಬ ನೆಮ್ಮದಿಯಲ್ಲಿ ಅವರು ಮೆಟ್ಟಿಲಿಳಿದು ಹೋದರು.

ಭೂಮಿಕಾ ಹೊರಡಲಿಲ್ಲ. ಅವಳು ಕೊಳವೆಯನ್ನು ನೋಡಿದಳು. ಅದರಲ್ಲಿ ಈಗ ಆಚೆ ಬದಿಯ ಏನೂ ಕಾಣುತ್ತಿರಲಿಲ್ಲ.

"ನಿಂಗ ಇಲ್ಲೇ ನಿಂತು ನೋಡ್ತಾ ಇದ್ರ?"

"ಹ್ಞೂಂ."

"ಹಾಳಾಗ್ತು ಹೇಳಿ ಗೊತ್ತಿತ್ತಾ?"

"ಗೊತ್ತಿತ್ತು."

"ಬ್ಯಾಡ ಹೇಳಕಾಗಿತ್ತು."

"ಹೇಳಕಾಗಿತ್ತು," ಎಂದ ಉಲ್ಲಾಸ.

ಅವಳು ಅವನ ಮುಖವನ್ನು ಹುಡುಕುವವಳಂತೆ ನೋಡಿದಳು. ಅವಳು ಬೈದರೆ ಚೆನ್ನಾಗಿತ್ತು. ಬೈಯಲಿಲ್ಲ. ಇಷ್ಟು ದಿನ ಅವಳು ಈ ನೀರಿನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದಳೆಂದು ಅವನಿಗೆ ಗೊತ್ತಿತ್ತು. ಆದರೆ ಅದರಲ್ಲೊಂದು ಸಮಾಧಾನವನ್ನೂ ಕಂಡಿದ್ದಳು, ಅದು ಅವನಿಗೆ ಈಗ ಹೊಳೆಯಿತು. ತನ್ನ ಮೇಲಲ್ಲದಿದ್ದರೆ ನೀರಿನ ಮೇಲಾದರೂ ಇವನಿಗೆ ಜೀವವಿದೆಯಲ್ಲ ಎಂದು. ಆ ಸಮಾಧಾನ ಅವಳ ಮುಖದಿಂದ ಹೋಗುವುದನ್ನು ಅವನು ಕಣ್ಣಾರೆ ಕಂಡ. ಬಹಳ ದುಃಖವಾಯಿತು. ದುಃಖ ಆಗುತ್ತಿದೆಯಲ್ಲ ಎಂದು ಸ್ವಲ್ಪ ಹೆಮ್ಮೆಯೂ ಆಯಿತು, ಆಗ ದುಃಖ ನಿಂತುಹೋಯಿತು.

ಬೆಳಗ್ಗೆ ಹಚ್ಚಿಟ್ಟ ಪ್ರೋಗ್ರಾಮು ಇನ್ನೂ ಓಡುತ್ತಲೇ ಇತ್ತು. ಪರದೆಯ ಮೂಲೆಯಲ್ಲಿ ತಾಪದ ಅಂಕಿ ಏರಿತು, ಹಳದಿಯಾಯಿತು, ಕೆಂಪಾಯಿತು. ಪಂಪು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಯಂತ್ರ ತನ್ನನ್ನು ಉಳಿಸಿಕೊಳ್ಳಲು ತಾನೇ ಆರಿಹೋಯಿತು. ಆ ಸದ್ದು ಇಲ್ಲದ ಮನೆ ಹೇಗಿರುತ್ತದೆಂದು ಇಬ್ಬರಿಗೂ ಮರೆತಿತ್ತು. ಹೊರಗೆ ರಸ್ತೆಯಲ್ಲಿ ಯಾರೋ ಮೀನಿನವನ ಹತ್ತಿರ ಚೌಕಾಸಿ ಮಾಡುವುದು ಕೇಳಿಸಿತು.

ದ್ಯಾಮಪ್ಪ ಕಡೆಯ ಹೇರಿಗೆ ಬಂದ. ಮುಂಡಗೋಡದ ಆಚೆಯವನು, ಹೆಗಲ ಮೇಲೆ ಟವೆಲು. ಖಾಲಿ ಕೋಣೆ ನೋಡಿ ಕಂಪ್ಯೂಟರಿನತ್ತ ಗದ್ದ ಎತ್ತಿದ.

"ಇದೂ ಹೇರೂದೇನ್ರಿ ಅಕ್ಕಾರ?"

"ಅವ್ರನ್ನ ಕೇಳಿ," ಎಂದಳು ಭೂಮಿಕಾ.

ದ್ಯಾಮಪ್ಪ ಉಲ್ಲಾಸನ ಕಡೆ ನೋಡಿದ.

"ಅದನ್ನ ಮಲಗಿಸಬಾರದು," ಎಂದ ಉಲ್ಲಾಸ. "ಓರೆ ಮಾಡಬಾರದು."

"ಹಂಗಾರ ನೀವ ಹಿಡಕೊಂಡು ಬರ್ರಿ. ನನ್ನ ಕೈಯಾಗ ಆಗೂದಲ್ಲ ಅದು."

ಉಲ್ಲಾಸ ಹಿಡಿದುಕೊಂಡ. ಪೆಟ್ಟಿಗೆಯನ್ನು ಎದೆಗವಚಿಕೊಂಡು ಮೆಟ್ಟಿಲಿಳಿದ. ಟೆಂಪೋದ ಹಿಂದೆ ಮಂಚದ ಕಾಲು, ಹಾಸಿಗೆಯ ಸುರುಳಿ, ಪಾತ್ರೆಯ ಚೀಲಗಳ ನಡುವೆ ಒಬ್ಬ ಕೂರುವಷ್ಟು ಜಾಗವಿತ್ತು. ಪೆಟ್ಟಿಗೆಯನ್ನು ಅಲ್ಲಿಟ್ಟರೆ ವಾಲುತ್ತದೆ. ಹಾಗಾಗಿ ಅವನು ಹತ್ತಿ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡ. ಹೊರಡುತ್ತೇನೆಂದು ಅವನು ಹೇಳಿರಲಿಲ್ಲ. ಯಾರೂ ಕೇಳಲೂ ಇಲ್ಲ. ಭೂಮಿಕಾ ಬೀಗ ಹಾಕಿ ಬೀಗದಕೈಯನ್ನು ಕೆಳಗಿನ ಮನೆಯವರಿಗೆ ಕೊಟ್ಟು, ಅಪ್ಪನ ಪಕ್ಕ ಮುಂದಿನ ಸೀಟಿಗೆ ಹೋದಳು. ಟೆಂಪೋ ಹೊರಟಿತು. ಕಾಲಿಗೆ ಚಪ್ಪಲಿ ಹಾಕಿಲ್ಲವೆಂದು ಅವನಿಗೆ ಗೊತ್ತಾದದ್ದು ಬಸ್ ಸ್ಟ್ಯಾಂಡು ದಾಟಿದ ಮೇಲೆ.

ಮುಖ ಹಿಂದಕ್ಕೆ ಮಾಡಿ ಕೂತಿದ್ದರಿಂದ ಅವನಿಗೆ ಬರುವುದು ಏನೂ ಕಾಣುತ್ತಿರಲಿಲ್ಲ, ಹೋದದ್ದಷ್ಟೇ ಕಾಣುತ್ತಿತ್ತು. ಸೋಂದಾ ಕ್ರಾಸು ಹೀಗೆ ಹಿಂದಿನಿಂದ ಬಂದು, ಸಣ್ಣದಾಗಿ, ತಿರುವಿನಲ್ಲಿ ಮರೆಯಾಯಿತು. ಚಳಿಗಾಲದ ಬಿಸಿಲು. ರಸ್ತೆಯ ಕೆಂಪು ದೂಳು ಟೆಂಪೋವನ್ನು ಅಟ್ಟಿಸಿಕೊಂಡು ಬಂದು, ಹಿಡಿಯಲಾಗದೆ ನಿಲ್ಲುತ್ತಿತ್ತು.

ಮಾವ ಕೊಳವೆಯ ಮುಚ್ಚಳವನ್ನು ಕೂರಿಸಿದ್ದರೇ ಹೊರತು ಬಿಗಿದಿರಲಿಲ್ಲ. ಮೊದಲ ಉಬ್ಬಿಗೆ ಅದು ಹಾರಿತು. ಎರಡನೆಯ ಉಬ್ಬಿಗೆ ತಿಳಿನೀಲಿ ಮೊಸರು ಬುಳಕ್ಕನೆ ಎದ್ದು ಅವನ ಗದ್ದಕ್ಕೆ ಬಡಿಯಿತು. ಆಮೇಲೆ ಗುಂಡಿ ಸಿಕ್ಕಿದಲ್ಲೆಲ್ಲ ಒಂದಿಷ್ಟು. ಅಂಗಿಯ ಮೇಲೆ, ತೋಳಿನ ಮೇಲೆ, ಹುಬ್ಬಿನ ಮೇಲೆ. ಒರೆಸಿಕೊಳ್ಳಲು ಕೈ ಬೇಕು, ಎರಡೂ ಕೈ ಪೆಟ್ಟಿಗೆಯನ್ನು ನೆಟ್ಟಗೆ ಹಿಡಿದಿದ್ದವು. ನೆಟ್ಟಗೆ ಹಿಡಿದು ಉಳಿಸುವುದಕ್ಕೆ ಅದರಲ್ಲಿ ಇನ್ನೇನೂ ಇಲ್ಲವೆಂದು ಗೊತ್ತಿದ್ದೂ ಅವನು ಹಿಡಿದುಕೊಂಡೇ ಇದ್ದ.

ಗಾಳಿಗೆ ಅದು ಬೇಗ ಒಣಗಿತು. ಚರ್ಮ ಬಿಗಿಯಾಯಿತು. ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದ ಒಬ್ಬ ತೋಟದವನು ಟೆಂಪೋವನ್ನು ದಾಟುವ ಬದಲು ಸ್ವಲ್ಪ ದೂರ ಜತೆಗೇ ಬಂದ. ಉಲ್ಲಾಸನನ್ನು ಅಡಿಯಿಂದ ಮುಡಿವರೆಗೆ ನೋಡಿದ. ನಗಲಿಲ್ಲ. ಔಷಧಿ ಎಲ್ಲ ಕಡೆ ಸಮವಾಗಿ ಬಿದ್ದಿದೆಯೋ ಇಲ್ಲವೋ ಎಂದು ಗೊನೆಯನ್ನು ನೋಡುವ ಕಣ್ಣು ಅದು. ನೋಡಿ, ಪರವಾಗಿಲ್ಲ ಎಂಬಂತೆ ತಲೆಯಾಡಿಸಿ ಮುಂದೆ ಹೋದ.

ಇನ್ನು ನನಗೆ ಕೊಳೆ ಬರುವುದಿಲ್ಲ ಎಂದುಕೊಂಡ ಉಲ್ಲಾಸ. ಸ್ವಲ್ಪ ಹೊತ್ತು ಆ ಯೋಚನೆ ಹಿತವಾಗಿತ್ತು. ಆಮೇಲೆ ಅನ್ನಿಸಿತು, ಕೊಳೆಯುವುದಕ್ಕೂ ಒಳಗೆ ಏನಾದರೂ ಇರಬೇಕಲ್ಲ.

ಯಲ್ಲಾಪುರದ ಮನೆ ಹೆದ್ದಾರಿಯಿಂದ ಎರಡು ಓಣಿ ಒಳಗಿತ್ತು. ಲಾರಿಗಳು ಗೇರು ಬದಲಿಸುವ ಸದ್ದು ಅಲ್ಲಿಗೂ ಬರುತ್ತಿತ್ತು. ದ್ಯಾಮಪ್ಪ ಹಿಂದಿನ ಹಲಗೆ ಬಿಚ್ಚಿ, ಉಲ್ಲಾಸನನ್ನು ನೋಡಿ, ಅವನ ಸುತ್ತಲಿನ ಸಾಮಾನನ್ನು ಇಳಿಸತೊಡಗಿದ. ಮಂಚ ಹೋಯಿತು. ಹಾಸಿಗೆ ಹೋಯಿತು. ಗ್ಯಾಸಿನ ಒಲೆಯನ್ನು ಸುಬ್ರಾಯ ಹೆಗಡೆಯವರೇ ಒಯ್ದರು. ಅವರು ಅಳಿಯನ ಅಂಗಿಯನ್ನು ನೋಡಿ, "ಹೋಗ್ತು, ಹುಳಿ ನೀರಲ್ಲಿ ನೆನಸಿದ್ರೆ ಹೋಗ್ತು," ಎಂದು ಧೈರ್ಯ ಹೇಳಿದರು. ಅವರಿಗೆ ಉಮ್ಮಚಗಿಯ ಬಸ್ಸು ಹಿಡಿಯಬೇಕಿತ್ತು. ಆದರೆ ಹೊಸ ಮನೆಯಲ್ಲಿ ಹಾಲು ಉಕ್ಕಿಸದೆ ಹೊರಡುವ ಹಾಗಿರಲಿಲ್ಲ.

ಭೂಮಿಕಾ ಚೀಲಗಳನ್ನು ಒಯ್ಯಲು ಹಲವು ಸಲ ಬಂದಳು. ಪ್ರತಿ ಸಲವೂ ಅವನ ಪಕ್ಕದ್ದನ್ನು ತೆಗೆದುಕೊಂಡಳು.

ಕೊನೆಗೆ ಟೆಂಪೋದಲ್ಲಿ ಉಳಿದದ್ದು ಉಲ್ಲಾಸ, ಅವನ ತೊಡೆಯ ಮೇಲಿನ ಪೆಟ್ಟಿಗೆ, ಅವನ ಕಾಲ ಬಳಿ ಗ್ಯಾಸಿನ ಸಿಲಿಂಡರು. ಇಳಿಯುವುದಕ್ಕೆ ಅಡ್ಡಿಯೇನೂ ಇರಲಿಲ್ಲ. ಇಳಿದರೆ ಬಂದೆ ಎಂದಾಗುತ್ತಿತ್ತು. ಇಳಿಯದಿದ್ದರೆ ಬರಲಿಲ್ಲ ಎಂದಾಗುತ್ತಿತ್ತು. ಸ್ವಲ್ಪ ಹೊತ್ತು ಹೀಗೇ ಕೂತರೆ ಎರಡೂ ಆಗುವುದಿಲ್ಲವೆಂದು ಅವನು ಲೆಕ್ಕ ಹಾಕಿದ.

ದ್ಯಾಮಪ್ಪನಿಗೆ ಶಿರಸಿಗೆ ಹಿಂತಿರುಗಬೇಕಿತ್ತು. ಅವನು ಟವೆಲಿನಿಂದ ಮುಖ ಒರೆಸಿಕೊಂಡು ಬಾಗಿಲ ಕಡೆ ತಿರುಗಿದ.

"ಅಕ್ಕಾರ, ಇದನ್ನ ಇಳಸೂದೋ, ಹೊಳ್ಳಿ ಒಯ್ಯೂದೋ?"

ಅವನ ಕೈ ಪೆಟ್ಟಿಗೆಯನ್ನು ತೋರಿಸುತ್ತಿತ್ತೋ ಉಲ್ಲಾಸನನ್ನು ತೋರಿಸುತ್ತಿತ್ತೋ, ಹೇಳುವುದು ಕಷ್ಟ. ಎರಡರ ಬಣ್ಣವೂ ಒಂದೇ ಆಗಿತ್ತು.

ಭೂಮಿಕಾ ಹೊಸಿಲಿನಾಚೆ ನಿಂತಿದ್ದಳು. ಕೈಯಲ್ಲಿ ಹಾಲಿನ ಪಾತ್ರೆಯಿತ್ತು, ಅಂಚಿಗೆ ಕುಂಕುಮ ಹಚ್ಚಿತ್ತು. ಶಿರಸಿ ಬಿಟ್ಟ ಮೇಲೆ ಮೊದಲ ಬಾರಿಗೆ ಅವಳು ಗಂಡನನ್ನು ನೆಟ್ಟಗೆ ನೋಡಿದಳು. ಅವನು ಈಗೊಂದು ಮಾತಾಡಲಿ ಎಂದು ಕಾದಳು. ಕಾದದ್ದು ಅವನಿಗೂ ತಿಳಿಯಿತು. ಗದ್ದದ ಮೇಲೆ ಒಣಗಿದ್ದು ಬಿರುಕು ಬಿಡುತ್ತದೆಂದು ಅವನು ಬಾಯಿ ತೆರೆಯಲಿಲ್ಲ.

"ಹಾಲು ಒಲೆ ಮೇಲೆ ಇಡ್ತೇನೆ," ಎಂದಳು ಅವಳು ದ್ಯಾಮಪ್ಪನಿಗೆ. "ಅದು ಉಕ್ಕಲಿ. ಆಮೇಲೆ ಹೇಳ್ತೇನೆ."

"ಆತ್ರಿ," ಎಂದು ದ್ಯಾಮಪ್ಪ ಟೆಂಪೋದ ನೆರಳಿಗೆ ಹೋಗಿ ಕೂತ.

ಅವಳು ಒಳಗೆ ಹೋದಳು. ಪಾತ್ರೆಯನ್ನು ಒಲೆಯ ಮೇಲಿಟ್ಟ ಸದ್ದು ಕೇಳಿಸಿತು. ಒಲೆಯ ಕಿವಿ ತಿರುಗಿಸಿದ್ದು ಕೇಳಿಸಿತು. ಆಮೇಲೆ ಲೈಟರು. ಟಕ್. ಸ್ವಲ್ಪ ತಡೆದು, ಮತ್ತೆ ಟಕ್.

ಸಿಲಿಂಡರು ಟೆಂಪೋದಲ್ಲೇ ಇತ್ತು. ಕೂಗಿ ಹೇಳಿದರೆ ಕೇಳಿಸುವಷ್ಟು ಹತ್ತಿರದಲ್ಲಿ ಬಾಗಿಲು ತೆರೆದೇ ಇತ್ತು. ಉಲ್ಲಾಸ ತನ್ನ ಬರಿಗಾಲುಗಳನ್ನು ಎತ್ತಿ ಸಿಲಿಂಡರಿನ ಮೇಲಿಟ್ಟುಕೊಂಡು, ಪೆಟ್ಟಿಗೆ ಓರೆಯಾಗದಂತೆ ಇನ್ನಷ್ಟು ನೆಟ್ಟಗೆ ಹಿಡಿದು, ಹಾಲು ಉಕ್ಕುವುದನ್ನು ಕಾಯತೊಡಗಿದ.